ಪಾಕ ನಮ್ಮದು, ಎಳೆಯುವವರು ಯಾರೋ!



ಸಂಕ್ರಾಂತಿ ಬಂತೆಂದರೆ ನಮ್ಮವ್ವ ಒಲೆಯ ಮೇಲೆ ಬೆಲ್ಲದ ಪಾಕ ಇಡುತ್ತಿದ್ದಳು. ತಣ್ಣೀರಿಗೆ ಒಂದು ಹನಿ ಬಿಟ್ಟು, ಅದು ಗಟ್ಟಿಯಾಗಿ ಬಟ್ಟಲಿಗೆ ಟಣ್ಣೆಂದರೆ ಇಳಿಸುವುದು. ತುಪ್ಪ ಸವರಿದ ತಾಟಿಗೆ ಸುರುವಿ, ಕೈ ತಾಳುವಷ್ಟು ಆರಿದ ಮೇಲೆ ಇಬ್ಬರು ಹಿಡಿದು ಎಳೆಯುವುದು, ಮಡಚುವುದು, ಮತ್ತೆ ಎಳೆಯುವುದು. ಒಳಗೆ ಗಾಳಿ ಸೇರಿ ಕಂದು ಪಾಕ ಬಂಗಾರದ ಬಣ್ಣಕ್ಕೆ ತಿರುಗುತ್ತಿತ್ತು. ಹೈಡ್ರೋಸ್ ಪುಡಿ ಬೇಕಿರಲಿಲ್ಲ, ರಟ್ಟೆಯ ಕಸುವು ಸಾಕಿತ್ತು.

ಆ ಬೆಲ್ಲ ಊರ ಗಾಣದ್ದು. ಈಗ ನಮ್ಮೂರ ಗಾಣ ನಿಂತಿದೆ. ಒಂದು ವರ್ಷ ಕಬ್ಬೆಲ್ಲ ಕಾರ್ಖಾನೆಗೆ ಕಳಿಸಿ, ಬಿಲ್ಲು ಬಾರದೆ, ಹಬ್ಬಕ್ಕೆ ಎರಡು ಕಿಲೋ ಬೆಲ್ಲ ಉದ್ರಿ ತಂದೆ. ಕಬ್ಬು ಬೆಳೆದಾಂವ ಬೆಲ್ಲಕ್ಕ ಸಾಲಗಾರ! ಮೊಮ್ಮಗಳು ಮಿಠಾಯಿ ಎಳೆಯುತ್ತ ನಗುತ್ತಿದ್ದಳು. ನನಗೆ ನಗು ಬರಲಿಲ್ಲ.

ಲೆಕ್ಕ ನೋಡಿರಿ. 2025-26ಕ್ಕೆ ಕೇಂದ್ರ ಗೊತ್ತು ಮಾಡಿದ ದರ, ಶೇ. 10.25 ಇಳುವರಿಗೆ, ಕ್ವಿಂಟಲಿಗೆ 355 ರೂಪಾಯಿ. ಒಂದು ಕಿಲೋ ಬೆಲ್ಲಕ್ಕೆ ಸುಮಾರು ಹತ್ತು ಕಿಲೋ ಕಬ್ಬು ಬೇಕು. ಅಂದರೆ ರೈತನ ಪಾಲು 35 ರೂಪಾಯಿ 50 ಪೈಸೆ. ಬೀಜ, ಗೊಬ್ಬರ, ನೀರು, ವರ್ಷದ ದುಡಿಮೆ ಎಲ್ಲ ಅದರೊಳಗೇ ಹುಟ್ಟಬೇಕು.

'ಮನೆಯಲ್ಲೇ ಮಿಠಾಯಿ ಮಾಡಿ ಮಾರಿರಿ, ಮೌಲ್ಯ ಹೆಚ್ಚಿಸಿರಿ' ಎಂದು ಶಿಬಿರಗಳಲ್ಲಿ ಉಪದೇಶ ಮಾಡ್ತಾರ. ಮಾಡೋಣ, ತಪ್ಪಿಲ್ಲ. ಆದರೆ ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲೇ ಜಿಐ ಮಾನ್ಯತೆ ಸಿಕ್ಕಿತಲ್ಲ? ಅದೇ ಬ್ಯಾಡಗಿ ಮಾರುಕಟ್ಟೆಯಲ್ಲಿ 2024ರ ಮಾರ್ಚದಾಗ ದರ ಕುಸಿದು ರೈತರ ಸಿಟ್ಟು ಬೆಂಕಿಯಾಯಿತು. ಹೆಸರು ದೊಡ್ಡದಾದರೆ ಸಾಲದು, ದರ ಹೇಳುವ ಹಕ್ಕು ಬೇಕು.

ಇರುವ ಹಕ್ಕನ್ನಾದರೂ ಬಳಸೋಣ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಕೊಟ್ಟ 14 ದಿನದೊಳಗೆ ಹಣ ಕೊಡಬೇಕು. ತಡವಾದರೆ ವರ್ಷಕ್ಕೆ ಶೇ. 15 ಬಡ್ಡಿ. ಒಂದು ಲಕ್ಷ ಆರು ತಿಂಗಳು ನಿಂತರೆ ಬಡ್ಡಿಯೇ 7,500 ರೂಪಾಯಿ! ಸೊಸೈಟಿಯವರು ನಮ್ಮ ಹತ್ತಿರ ಒಂದು ದಿನದ ಬಡ್ಡಿ ಬಿಟ್ಟಾರೇನು? ನಾವ್ಯಾಕೆ ಬಿಡಬೇಕು?

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯ ಬಾಂಧವರೇ, ತೂಕದ ಚೀಟಿ ಜೋಪಾನ ಮಾಡಿರಿ. ಹದಿನೈದನೇ ದಿನ ಬಡ್ಡಿ ಸಹಿತ ಬಾಕಿ ಕೇಳಿ ಅರ್ಜಿ ಬರೆಯಿರಿ. ಒಬ್ಬೊಬ್ಬರೇ ಹೋಗಬೇಡಿರಿ, ಊರೇ ಹೋಗಲಿ.

ಪಾಕ ಬಿಸಿ ಇದ್ದಾಗಲೇ ಎಳೆಯಬೇಕು. ಆರಿದ ಮೇಲೆ ಹಿಡಿದರೆ ಮುರಿದು ಕೈಗೆ ಚುಚ್ಚತೈತಿ.