ಸಣ್ಣ ಕೈಗೆ ಎಷ್ಟು ದೊಡ್ಡ ವಾಚು?

ಜೂನ್ ತಿಂಗಳು ಹತ್ತಿರ ಬಂತೆಂದರೆ ನಮ್ಮ ಹಿರೇಗುಂಟನೂರಿನ ದರ್ಜಿಗಳ ಅಂಗಡಿಯಲ್ಲಿ ಕೇಳಿಬರುವ ಮಾತು ಒಂದೇ. "ಒಂದೆರಡು ಇಂಚು ಜಾಸ್ತಿ ಬಿಟ್ಟು ಹೊಲಿಯಪ್ಪ, ಬೆಳೆಯೋ ಹುಡುಗ." ಲಂಗಕ್ಕೆ ಒಳಗಡೆ ಮಡಿಕೆ ಹಾಕಿಸುವುದು, ಬೂಟು ಒಂದು ನಂಬರ್ ದೊಡ್ಡದು ತರುವುದು, ಎಲ್ಲವೂ ಇದೇ ಲೆಕ್ಕ. ಬಟ್ಟೆಯ ಮಟ್ಟಿಗೆ ಈ ಲೆಕ್ಕ ಸರಿಯೇ. ವರ್ಷಕ್ಕೊಂದು ಮಡಿಕೆ ಬಿಚ್ಚಿದರಾಯಿತು. ಆದರೆ ವಾಚು ಕೊಳ್ಳುವಾಗಲೂ ಇದನ್ನೇ ಹಿಡಿದು ಹೊರಟರೆ ಕೆಡುತ್ತದೆ. ವಾಚಿನ ಡಬ್ಬಿಗೆ ಮಡಿಕೆ ಹಾಕಲು ಬರುವುದಿಲ್ಲವಲ್ಲ!

ಮಕ್ಕಳೇ, ಮನೆಯಲ್ಲಿ ಸಣ್ಣ ಮಣಿಕಟ್ಟಿನವರು ಯಾರು ಅಂತ ನೋಡಿ. ಒಂದು ನೀವು. ಇನ್ನೊಂದು ನಿಮ್ಮ ಅಜ್ಜಿ ಅಥವಾ ಅಜ್ಜ. ವಯಸ್ಸಾದ ಮೇಲೆ ಕೈಯ ಮಾಂಸ ಇಳಿಯುತ್ತದೆ, ಮೊದಲು ಬಿಗಿಯಾಗಿ ಕೂರುತ್ತಿದ್ದ ಬಳೆ ಮೊಣಕೈವರೆಗೂ ಜಾರುತ್ತದೆ. ವಾಚಿನ ಅಂಗಡಿಗೆ ಹೋದರೆ ಈ ಇಬ್ಬರಿಗೇ ಕಷ್ಟ ಹೆಚ್ಚು. ಷೋಕೇಸಿನಲ್ಲಿ ಕಾಣುವುದೆಲ್ಲ ಅಂಗೈಯಗಲದ ವಾಚುಗಳು.

ದೊಡ್ಡ ವಾಚು ಕಟ್ಟಿಕೊಂಡರೆ ಏನಾಗುತ್ತದೆ? ಮೊದಲಿಗೆ, ಕೀ ಕೊಡುವ ಗುಂಡಿ ಮುಂಗೈಗೆ ಚುಚ್ಚುತ್ತದೆ. ಬರೆಯುವಾಗ, ಸೈಕಲ್ ಹ್ಯಾಂಡಲ್ ಹಿಡಿದಾಗ, ನೆಲಕ್ಕೆ ಕೈಯೂರಿ ಏಳುವಾಗ ಅಲ್ಲೊಂದು ಕೆಂಪು ಗುರುತು ಬೀಳುತ್ತದೆ. ಭಾರಕ್ಕೆ ವಾಚು ತಿರುಗಿ ಗಾಜು ಕೈಯ ಕೆಳಗಡೆಗೆ ಬರುತ್ತದೆ. ಆಗ ಗಂಟೆ ನೋಡಬೇಕಾದರೆ ಇನ್ನೊಂದು ಕೈಯಿಂದ ತಿರುಗಿಸಿಕೊಳ್ಳಬೇಕು. ಬಾಗಿಲ ಚಿಲಕ, ನಲ್ಲಿ, ಬೆಂಚಿನ ಮೂಲೆ, ಎಲ್ಲಕ್ಕೂ ಮೊದಲು ತಗಲುವುದು ಅದೇ. ಕೊನೆಗೆ ಬೇಸತ್ತು ಬಿಚ್ಚಿ ಬೀರುವಿನಲ್ಲಿಡುತ್ತಾರೆ. ಉಡುಗೊರೆ ಕೊಟ್ಟವರು ಬಂದಾಗ ಮಾತ್ರ ಹೊರಗೆ ತೆಗೆಯುತ್ತಾರೆ.

ಅದಕ್ಕೇ ಮೊದಲು ಕೈ ಅಳೆಯಬೇಕು. ಮೂವತ್ತು ವರ್ಷ ಲೆಕ್ಕದ ಪಾಠ ಮಾಡಿದವನು ನಾನು, ಅಳತೆ ಅಂದರೆ ಖುಷಿ. ಬೇಕಾದದ್ದು ಒಂದು ಹೊಲಿಗೆ ದಾರ, ಕಾಂಪಾಸ್ ಬಾಕ್ಸಿನ ಸ್ಕೇಲು, ಅಷ್ಟೆ. ಕಿರುಬೆರಳಿನ ಕಡೆ ಮಣಿಕಟ್ಟಿನಲ್ಲಿ ಒಂದು ಮೂಳೆ ಗುಂಡಗೆ ಎದ್ದಿರುತ್ತದೆ. ಅದಕ್ಕಿಂತ ತುಸು ಹಿಂದೆ, ಮೊಣಕೈ ಕಡೆಗೆ, ದಾರ ಸುತ್ತಿ. ಬಿಗಿಯಬೇಡಿ, ಚರ್ಮಕ್ಕೆ ತಾಗಿದರೆ ಸಾಕು. ದಾರದ ಎರಡು ತುದಿ ಕೂಡುವಲ್ಲಿ ಪೆನ್ನಿನಿಂದ ಗುರುತು ಹಾಕಿ, ಬಿಚ್ಚಿ, ಸ್ಕೇಲಿನ ಮೇಲಿಟ್ಟು ನೋಡಿ. ಬೆಳಿಗ್ಗೆ ಎದ್ದ ಕೂಡಲೇ ಬೇಡ, ಮಧ್ಯಾಹ್ನ ಅಳೆಯಿರಿ. ಬಿಸಿಲಿಗೆ ಕೈ ಸ್ವಲ್ಪ ಊದುತ್ತದೆ, ನಮ್ಮ ದುರ್ಗದ ಬಿಸಿಲು ಗೊತ್ತಲ್ಲ.

ಈಗ ಒಂದು ಭಾಗಾಕಾರ. ನಿಮ್ಮ ಸುತ್ತಳತೆ 14 ಸೆಂ.ಮೀ. ಬಂತು ಅನ್ನಿ. 3.14ರಿಂದ ಭಾಗಿಸಿದರೆ ಸುಮಾರು 4.5 ಸೆಂ.ಮೀ., ಅಂದರೆ 45 ಮಿ.ಮೀ. ಮಣಿಕಟ್ಟು ಪೂರಾ ದುಂಡಗಿದ್ದರೆ ಅದರ ಅಡ್ಡಗಲ ಇಷ್ಟಿರುತ್ತಿತ್ತು. ನಿಜವಾದ ಮಣಿಕಟ್ಟು ಸ್ವಲ್ಪ ಚಪ್ಪಟೆ, ಹಾಗಾಗಿ ಅಗಲ ಕೊಂಚ ಹೆಚ್ಚು. ಆದರೆ ಎರಡೂ ಅಂಚು ಇಳಿಜಾರು. ವಾಚು ನೆಟ್ಟಗೆ ಕೂರುವ ಸಮತಟ್ಟು ಜಾಗ ನಾಲ್ಕು ಸೆಂ.ಮೀ. ಆಸುಪಾಸು ಅಷ್ಟೇ. ಇಷ್ಟು ಚಿಕ್ಕ ಜಗಲಿಯ ಮೇಲೆ 44 ಮಿ.ಮೀ. ವಾಚು ಇಟ್ಟರೆ ಅದು ಎರಡೂ ಕಡೆ ತೂಗಾಡದೆ ಇನ್ನೇನು ಮಾಡೀತು?

ವಾಚಿಗೆ ಅಂಗಡಿಯವರು ಹೇಳುವ ಅಳತೆ ಡಬ್ಬಿಯ ಅಡ್ಡಗಲ. ಅದು ಮುಖ್ಯವೇ, ಆದರೆ ಅದಕ್ಕಿಂತ ಮುಖ್ಯವಾದದ್ದನ್ನು ಅವರು ಹೇಳುವುದಿಲ್ಲ. ವಾಚಿನ ಮೇಲೆ ಎರಡು, ಕೆಳಗೆ ಎರಡು ಕೊಂಬುಗಳಿರುತ್ತವೆ, ಬೆಲ್ಟು ಸಿಕ್ಕಿಸುವುದಕ್ಕೆ. ಮೇಲಿನ ಕೊಂಬಿನ ತುದಿಯಿಂದ ಕೆಳಗಿನ ಕೊಂಬಿನ ತುದಿಗೆ ಸ್ಕೇಲಿಟ್ಟು ಅಳೆಯಿರಿ. ಆ ಉದ್ದ ನಿಮ್ಮ ಮಣಿಕಟ್ಟಿನ ಸಮತಟ್ಟು ಜಾಗವನ್ನು ಮೀರಬಾರದು. ಒಂದೇ ಅಡ್ಡಗಲದ ಎರಡು ವಾಚುಗಳಲ್ಲಿ ಒಂದು ಚೆನ್ನಾಗಿ ಕೂತು, ಇನ್ನೊಂದು ಎದ್ದು ನಿಲ್ಲುವುದಕ್ಕೆ ಕಾರಣ ಈ ಕೊಂಬುಗಳೇ. ಬೆಲ್ಟು ಕೊಂಬಿನಿಂದ ಸೀದಾ ಕೈಗೆ ಅಂಟಿಕೊಂಡು ಇಳಿಯಬೇಕು. ಬೆಲ್ಟಿಗೂ ಚರ್ಮಕ್ಕೂ ನಡುವೆ ಹಳ್ಳದ ಮೇಲಿನ ಸೇತುವೆಯ ಹಾಗೆ ಸಂದು ಕಂಡರೆ ಆ ವಾಚು ನಿಮ್ಮದಲ್ಲ.

ನಾನು ಇಟ್ಟುಕೊಂಡಿರುವ ಅಂದಾಜು ಹೇಳುತ್ತೇನೆ. ಸುತ್ತಳತೆ 12-13 ಸೆಂ.ಮೀ. ಇದ್ದರೆ 26ರಿಂದ 30 ಮಿ.ಮೀ. ವಾಚು. 14-15 ಇದ್ದರೆ 28ರಿಂದ 35ರವರೆಗೆ. 16 ದಾಟಿದರೆ 34ರಿಂದ 38. ಇದು ಕಾನೂನೇನಲ್ಲ, ಒಂದೆರಡು ಮಿ.ಮೀ. ಆಚೀಚೆ ಆದರೂ ನಡೆಯುತ್ತದೆ. ಕಣ್ಣಂದಾಜು ಬೇಕಾದರೆ ಹತ್ತು ರೂಪಾಯಿ ನಾಣ್ಯವನ್ನು ಮಣಿಕಟ್ಟಿನ ಮೇಲಿಟ್ಟುಕೊಳ್ಳಿ, ಅದರ ಅಡ್ಡಗಲ 27 ಮಿ.ಮೀ. ಕೈವಾರದಿಂದ 30, 34, 38 ಮಿ.ಮೀ. ಅಡ್ಡಗಲದ ವೃತ್ತಗಳನ್ನು ರಟ್ಟಿನ ಮೇಲೆ ಬರೆದು ಕತ್ತರಿಸಿ ಅವನ್ನೂ ಇಟ್ಟು ನೋಡಬಹುದು. ಆದರೆ ತಲೆ ಬಗ್ಗಿಸಿ ಹತ್ತಿರದಿಂದ ನೋಡಬೇಡಿ, ಹತ್ತಿರದಿಂದ ಎಲ್ಲವೂ ದೊಡ್ಡದಾಗಿಯೇ ಕಾಣುತ್ತದೆ. ಕನ್ನಡಿ ಮುಂದೆ ನಿಂತು ನೋಡಿ. ಎದುರಿನವರಿಗೆ ಕಾಣುವುದು ಹಾಗೆ.

ಚೌಕ ವಾಚಿನ ಬಗ್ಗೆ ಒಂದು ಎಚ್ಚರಿಕೆ, ಪೈಥಾಗೊರಸ್ ಪ್ರಮೇಯ ಕಲಿತವರಿಗೆ ಬೇಗ ತಿಳಿಯುತ್ತದೆ. 30 ಮಿ.ಮೀ. ಅಂತ ಹೇಳುವುದು ಬಾಹುವನ್ನು. ಮೂಲೆಯಿಂದ ಮೂಲೆಗೆ ಅದು 42 ಮಿ.ಮೀ. ಆಗುತ್ತದೆ. ದುಂಡಗಿನ 30ಕ್ಕಿಂತ ಚೌಕದ 30 ದೊಡ್ಡದಾಗಿ ಕಾಣುವುದು ಅದಕ್ಕೆ. ಬಿಳಿ ಡಯಲ್ ಕೂಡ ಕಪ್ಪು ಡಯಲ್‌ಗಿಂತ ಕೊಂಚ ದೊಡ್ಡದಾಗಿ ಕಾಣುತ್ತದೆ.

ಇನ್ನು "ಜೆಂಟ್ಸ್", "ಲೇಡೀಸ್" ಎಂಬ ಚೀಟಿಗಳ ವಿಷಯ. ಹುಡುಗರಿಗೆ ಸಣ್ಣ ವಾಚು ತೋರಿಸಿದರೆ ಮುಖ ಊದಿಸುತ್ತಾರೆ, "ಅದು ಹುಡುಗೀರ್ದು" ಅಂತ. ಅವರಿಗೊಂದು ಹಳೆಯ ಸುದ್ದಿ ಹೇಳಬೇಕು. ನೂರಿಪ್ಪತ್ತು ವರ್ಷಗಳ ಹಿಂದೆ ಕೈಗೆ ಕಟ್ಟುವ ವಾಚೇ ಹೆಂಗಸರ ಒಡವೆ ಎಂದು ಎಣಿಸುತ್ತಿದ್ದರು. ಗಂಡಸರದ್ದೇನಿದ್ದರೂ ಸರಪಳಿ ಕಟ್ಟಿದ ಜೇಬುಗಡಿಯಾರ. ನಮ್ಮ ಗಾಂಧೀಜಿ ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದದ್ದೂ ಅಂಥದ್ದೇ. ಬ್ರೆಜಿಲ್ ದೇಶದ ಸಾಂತೋಸ್ ದುಮೋಂತ್ ಎಂಬ ವಿಮಾನಸಾಹಸಿ ಪ್ಯಾರಿಸ್ಸಿನಲ್ಲಿದ್ದ. ಹಾರಾಡುವಾಗ ಎರಡೂ ಕೈ ಬೇಕು, ಜೇಬಿಗೆ ಕೈ ಹಾಕಿ ಗಂಟೆ ನೋಡಲು ಪುರುಸೊತ್ತೆಲ್ಲಿ? ಅವನ ತಾಪತ್ರಯ ಕೇಳಿ ಗೆಳೆಯ ಲೂಯಿ ಕಾರ್ಟಿಯೇ 1904ರಲ್ಲಿ ಕೈಗೆ ಕಟ್ಟುವ ಗಡಿಯಾರ ಮಾಡಿಸಿಕೊಟ್ಟ. ಆಮೇಲೆ 1914ರಿಂದ 1918ರ ಮಹಾಯುದ್ಧದಲ್ಲಿ ಸೈನಿಕರು ಕೈವಾಚು ಕಟ್ಟಿದರು, ಗಂಡಸರ ಸಂಕೋಚ ಅಲ್ಲಿಗೆ ಮುಗಿಯಿತು. ಆ ಕಾಲದ ಗಂಡಸರ ವಾಚುಗಳನ್ನು ಇಂದಿನ ಷೋಕೇಸಿನಲ್ಲಿಟ್ಟರೆ ಎಷ್ಟೋ ವಾಚುಗಳಿಗೆ ಲೇಡೀಸ್ ಚೀಟಿ ಅಂಟಿಸಿಯಾರು!

ಅಷ್ಟು ದೂರ ಯಾಕೆ, ನಮ್ಮದೇ ಎಚ್‌ಎಂಟಿ ನೋಡಿ. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ ಬೆಂಗಳೂರಿನಲ್ಲಿ ವಾಚ್ ಕಾರ್ಖಾನೆ ಶುರುವಾಯಿತು. 1978ರಲ್ಲಿ ನಾವು ಬೆಂಗಳೂರಿಗೆ ಹೋಗುವ ದಾರಿಯಲ್ಲಿ ಸಿಗುವ ತುಮಕೂರಿನಲ್ಲೂ ಒಂದು ಬಂತು. ಮದುವೆಗೆ ಎಚ್‌ಎಂಟಿ, ನೌಕರಿ ಸಿಕ್ಕರೆ ಎಚ್‌ಎಂಟಿ, ನಿವೃತ್ತಿಗೂ ಎಚ್‌ಎಂಟಿ. ಈ ಪುಟ ಓದುವ ಅಜ್ಜಂದಿರಲ್ಲಿ ಅರ್ಧಕ್ಕರ್ಧ ಜನ ಈಗ ತಲೆಯಾಡಿಸುತ್ತಿರಬೇಕು. 2016ರಲ್ಲಿ ಕೇಂದ್ರ ಸರ್ಕಾರ ಎಚ್‌ಎಂಟಿ ವಾಚ್ ಕಂಪನಿಯನ್ನು ಮುಚ್ಚಲು ತೀರ್ಮಾನಿಸಿತು. ಆದರೆ ಮನೆಮನೆಯ ಟ್ರಂಕುಗಳಲ್ಲಿ ಅದರ ವಾಚುಗಳು ಇನ್ನೂ ಇವೆ. ಹೆಚ್ಚು ಮಾರಾಟವಾದ "ಜನತಾ" ಗಂಡಸರ ವಾಚು, 17 ಕಲ್ಲಿನದು, ದಿನಕ್ಕೊಮ್ಮೆ ಕೀ ಕೊಡುವಂಥದ್ದು. ಅದರ ಅಡ್ಡಗಲ ಸುಮಾರು 35 ಮಿ.ಮೀ. ಈಗ ಗಂಡಸರಿಗೆಂದು ಮಾರುವ ಎಷ್ಟೋ ವಾಚುಗಳು 40ರ ಮೇಲೆ.

ನಮ್ಮ ಬೀದಿಯಲ್ಲಿ ಒಂದು ಮನೆಯ ಯಜಮಾನರು ತೀರಿಕೊಂಡು ಮೂರು ವರ್ಷವಾಯಿತು. ಅವರ ಜನತಾ ವಾಚನ್ನು ಆ ಮನೆಯ ಅಕ್ಕ ಕರವಸ್ತ್ರದಲ್ಲಿ ಸುತ್ತಿ ಇಟ್ಟಿದ್ದರು, ಆಗೊಮ್ಮೆ ಈಗೊಮ್ಮೆ ತೆಗೆದು ಕೀ ಕೊಡುತ್ತಿದ್ದರು. ಮೊಮ್ಮಗಳು ಎಸ್‌ಎಸ್‌ಎಲ್‌ಸಿ ಮುಗಿಸಿ ದುರ್ಗದ ಕಾಲೇಜಿಗೆ ಸೇರಿದಳು. ಬೆಂಗಳೂರಿನ ಚಿಕ್ಕಪ್ಪ "ಹೊಸ ವಾಚು ಕೊಡಿಸ್ತೀನಿ" ಅಂದ. ಅವಳದ್ದು ಒಂದೇ ಹಟ, "ನಂಗೆ ಅಜ್ಜಂದೇ ಬೇಕು." ಮನೆಯವರೆಲ್ಲ ಒಂದೇ ಸಮ, "ಅದು ಗಂಡಸರ ವಾಚು ಕಣೇ, ಕೈ ತುಂಬಾ ಆಗುತ್ತೆ." ಕೊನೆಗೆ ಅಜ್ಜಿ, ಮೊಮ್ಮಗಳು ಇಬ್ಬರೂ ನಮ್ಮ ಜಗಲಿಗೆ ಬಂದರು. "ಮೇಷ್ಟ್ರೇ, ನೀವೇ ಹೇಳಿ, ಇವಳ ಕೈಗೆ ಇದು ಒಪ್ಪುತ್ತಾ?"

ನಾನು ಒಪ್ಪುತ್ತೆ ಅನ್ನಲಿಲ್ಲ, ಇಲ್ಲ ಅಂತಲೂ ಅನ್ನಲಿಲ್ಲ. ದಾರ ತರಿಸಿದೆ. ಹುಡುಗಿಯ ಸುತ್ತಳತೆ 14.5 ಸೆಂ.ಮೀ. ವಾಚಿನ ಕೊಂಬಿನಿಂದ ಕೊಂಬಿಗೆ ನಾಲ್ಕು ಸೆಂ.ಮೀ. ಆಸುಪಾಸು. ಕೈ ಮೇಲಿಟ್ಟರೆ ಎರಡೂ ತುದಿ ಒಳಗೇ ನಿಂತವು. ದಪ್ಪವಾಗಿ ಕಾಣುತ್ತಿದ್ದದ್ದು ವಾಚಲ್ಲ, ಅದರ ಚೈನು. ಯಜಮಾನರ ಕೈಗೆ ಹಾಕಿಸಿದ್ದ ಅಗಲದ ಸ್ಟೀಲ್ ಚೈನು ಅವಳ ಕೈಯಲ್ಲಿ ಬಳೆಯಂತೆ ತಿರುಗುತ್ತಿತ್ತು. ಅದನ್ನು ಬಿಚ್ಚಿಸಿ 18 ಮಿ.ಮೀ. ಅಗಲದ ತೆಳು ಚರ್ಮದ ಬೆಲ್ಟು ಹಾಕಿಸಿದರು, ರಿಪೇರಿಯವರು ಎರಡು ತೂತು ಹೆಚ್ಚಿಗೆ ಹೊಡೆದುಕೊಟ್ಟರು. ಒಳಗೆ ಎಣ್ಣೆ ಒಣಗಿತ್ತು, ತೊಳೆದು ಹೊಸ ಎಣ್ಣೆ ಬಿಟ್ಟದ್ದೂ ಆಯಿತು. ಈಗ ಬೆಳಿಗ್ಗೆ ಅವಳು ಬಸ್ಸಿಗೆ ಹೊರಡುವಾಗ ಅಜ್ಜಿ ಒಳಗಿನಿಂದ ಕೇಳುತ್ತಾರೆ, "ಕೀ ಕೊಟ್ಯೇನೇ?" ನಮ್ಮ ಮನೆಯವರೆಗೂ ಕೇಳಿಸುತ್ತದೆ.

ಮಕ್ಕಳೇ, ಇಂಥ ವಾಚು ನಿಮ್ಮ ಕೈಗೆ ಬಂದರೆ ಒಂದು ನೆನಪಿಡಿ. ಕೀ ಕೊಡುವಾಗ ಕೈಯಿಂದ ಬಿಚ್ಚಿ ಕೊಡಬೇಕು. ಕಟ್ಟಿಕೊಂಡೇ ತಿರುಗಿಸಿದರೆ ಗುಂಡಿಯ ಕಡ್ಡಿ ಓರೆಯಾಗಿ ಎಳೆದಂತಾಗಿ ಸವೆಯುತ್ತದೆ. ಬಿಗಿ ಸಿಕ್ಕ ಕೂಡಲೇ ನಿಲ್ಲಿಸಿ, ಜೋರು ಮಾಡಬೇಡಿ.

ಹಿರಿಯರ ಕಷ್ಟ ಬೇರೆ. ಕೈ ಸಣ್ಣದಾಗಿದೆ, ಹಾಗಾಗಿ ಸಣ್ಣ ವಾಚು ಬೇಕು. ಕಣ್ಣು ಮಂಜಾಗಿದೆ, ಹಾಗಾಗಿ ದೊಡ್ಡ ಅಂಕಿ ಬೇಕು. ಎರಡೂ ಒಟ್ಟಿಗೆ ಹೇಗೆ? ದಾರಿ ಇದೆ. ವಾಚಿನ ಅಂಚಿನ ಲೋಹದ ಪಟ್ಟಿ ತೆಳ್ಳಗಿರಬೇಕು, ಆಗ 30-32 ಮಿ.ಮೀ. ವಾಚಿನಲ್ಲೂ ಡಯಲ್ ಅಗಲವಾಗಿರುತ್ತದೆ. ಬಿಳಿ ಡಯಲ್, ಕಪ್ಪು ಮುಳ್ಳು, ಹನ್ನೆರಡು ಅಂಕಿಯೂ ಪೂರ್ತಿ ಬರೆದಿರಬೇಕು. ಬಂಗಾರದ ಬಣ್ಣದ ಡಯಲ್ ಮೇಲೆ ಬಂಗಾರದ ಬಣ್ಣದ ಮುಳ್ಳು ಇರುವ ವಾಚನ್ನು ಅಜ್ಜಿಗೆ ಯಾಕೆ ಕೊಡುತ್ತಾರೋ ನನಗಂತೂ ಅರ್ಥವಾಗಿಲ್ಲ. ಮದುವೆಮನೆಯ ದೀಪದಲ್ಲಿ ಚಂದ ಕಾಣುತ್ತದೆ, ಗಂಟೆ ಮಾತ್ರ ಕಾಣುವುದಿಲ್ಲ. ಒಳಗೆ ಮೂರು ಪುಟ್ಟ ಡಯಲ್, ತಾರೀಕಿನ ಕಿಂಡಿ, ಹೊಳೆಯುವ ಕಲ್ಲು ಇದ್ದರೆ ಅವೆಲ್ಲ ಅಂಕಿಗಳ ಜಾಗ ತಿನ್ನುತ್ತವೆ.

ದಪ್ಪವನ್ನೂ ನೋಡಿ. ಸಣ್ಣ ಕೈ ಮೇಲೆ 12-13 ಮಿ.ಮೀ. ದಪ್ಪದ ವಾಚು ಗೋಪುರದ ಹಾಗೆ ನಿಲ್ಲುತ್ತದೆ, ತುಂಬುತೋಳಿನ ಅಂಗಿಯ ಗುಂಡಿ ಹಾಕಲಾಗುವುದಿಲ್ಲ. 7-8 ಮಿ.ಮೀ. ಒಳಗಿದ್ದರೆ ಒಳ್ಳೆಯದು. ತೆಳುವಾಗಿ ಮಾಡುವುದು ನಮ್ಮವರಿಗೆ ಬಾರದ ವಿದ್ಯೆಯೇನಲ್ಲ. ಗಡಿಯಾಚೆಯ ಹೊಸೂರಿನಲ್ಲಿ ಕಾರ್ಖಾನೆ ಇರುವ ಟೈಟಾನ್ 2002ರಲ್ಲಿ ತಂದ "ಎಡ್ಜ್" ವಾಚಿನ ದಪ್ಪ ಬರೀ 3.5 ಮಿ.ಮೀ.

ಮಕ್ಕಳ ಪ್ಲಾಸ್ಟಿಕ್ ವಾಚು ಎಷ್ಟು ದಪ್ಪವಿದ್ದರೂ ಹಗುರ, ಅದಕ್ಕೆ ಇಷ್ಟು ಲೆಕ್ಕ ಬೇಡ. ಸ್ಮಾರ್ಟ್ ವಾಚಿಗೆ ಮಾತ್ರ ದಾರದ ಪರೀಕ್ಷೆ ಮಾಡಿಯೇ ಕೊಳ್ಳಿ.

ಬೆಳೆಯುವ ಹುಡುಗನಿಗೆ "ಜಾಸ್ತಿ ಬಿಡುವುದು" ಬೆಲ್ಟಿನಲ್ಲಿ. ಮೊದಲ ಎರಡು ಮೂರು ತೂತಿನಲ್ಲೇ ಸರಿಹೋಗುವಂಥ ಬೆಲ್ಟು ತನ್ನಿ, ಮುಂದಿನ ತೂತುಗಳು ಮುಂದಿನ ವರ್ಷಗಳಿಗೆ. ಕಟ್ಟಿದ ಮೇಲೆ ಬೆಲ್ಟಿನ ಕೆಳಗೆ ಕಿರುಬೆರಳು ತೂರಬೇಕು, ಅದಕ್ಕಿಂತ ಸಡಿಲ ಬೇಡ. ಅಜ್ಜ ಅಜ್ಜಿಗೆ ಕೊಳ್ಳುವಾಗ, ಅವರೇ ಒಂದು ಕೈಯಲ್ಲಿ ಕಟ್ಟಿ ಬಿಚ್ಚಲು ಆಗುತ್ತದೆಯೇ ಎಂದು ಅಂಗಡಿಯಲ್ಲೇ ನೋಡಿ. ಬೆರಳು ನಡುಗುವವರಿಗೆ ಬಕಲ್ ಕಷ್ಟ, ಒತ್ತಿದರೆ ಅಂಟುವ ಪಟ್ಟಿ ಸುಲಭ. ಬಳೆ ತೊಡುವ ಕೈಯಾದರೆ ವಾಚನ್ನು ಇನ್ನೊಂದು ಕೈಗೆ ಕಟ್ಟಲಿ, ಗಾಜಿಗೆ ಗೀರು ಬೀಳುವುದಿಲ್ಲ.

ಚೈನಿನ ವಾಚೇ ಬೇಕೆಂದರೆ ಎರಡೂ ಕಡೆಯಿಂದ ಸಮನಾಗಿ ಕೊಂಡಿ ತೆಗೆಸಿ. ಒಂದೇ ಕಡೆಯಿಂದ ತೆಗೆದರೆ ಕೊಕ್ಕೆ ಮಣಿಕಟ್ಟಿನ ನಡುವೆ ಬರದೆ ಪಕ್ಕಕ್ಕೆ ಸರಿಯುತ್ತದೆ, ವಾಚೂ ವಾಲುತ್ತದೆ. ತೆಗೆದ ಕೊಂಡಿಗಳನ್ನು ಅಂಗಡಿಯಲ್ಲೇ ಬಿಟ್ಟು ಬರಬೇಡಿ. ಖಾಲಿ ಬೆಂಕಿಪೊಟ್ಟಣದಲ್ಲಿ ಹಾಕಿ, ಮೇಲೆ ಯಾರ ವಾಚಿನದು ಎಂದು ಬರೆದು, ಹೊಲಿಗೆ ಡಬ್ಬಿಯಲ್ಲಿಡಿ.