ಅಭ್ಯಾಸದಲ್ಲಿ ಬಿಡುವಿನ ಸ್ಥಾನ

“ಹಾಡುತ್ತ ಹಾಡುತ್ತ ರಾಗ, ನರಳುತ್ತ ನರಳುತ್ತ ರೋಗ” ಎಂಬ ಗಾದೆಯನ್ನು ಕೇಳದ ಕನ್ನಡಿಗರು ವಿರಳ. ಸಂಗೀತವನ್ನು ಕಲಿಸುವವರು ಇದರ ಪೂರ್ವಾರ್ಧವನ್ನು ಮಾತ್ರ ಶಿಷ್ಯರ ಮುಂದಿಡುವುದು ವಾಡಿಕೆಯಾಗಿದೆ. ಉತ್ತರಾರ್ಧದಲ್ಲಿ ಅಡಗಿರುವ ಎಚ್ಚರಿಕೆಯೂ ಅಷ್ಟೇ ಬೆಲೆಯುಳ್ಳದ್ದು. ಹಾಡುತ್ತ ಮಾಡಿದ ಅಭ್ಯಾಸದಿಂದ ರಾಗ ಒಲಿಯುವುದು ನಿಜವಾದರೆ, ನರಳುತ್ತ ಮಾಡಿದ ಅಭ್ಯಾಸದಿಂದ ರೋಗವೇ ಫಲಿಸುವುದೂ ನಿಜ. ಹಾರ್ಮೋನಿಯಂ, ತಬಲಾ, ಸಿತಾರ್‌ಗಳ ಜೊತೆಗೆ ಗಿಟಾರ್ ಕೂಡ ಮಕ್ಕಳ ಕೈಸೇರಿರುವ ಈ ಕಾಲದಲ್ಲಿ, ವಾದ್ಯಾಭ್ಯಾಸಕ್ಕೆ ನಿಯತವಾದ ಬಿಡುವು ಬೇಕೇ ಬೇಡವೇ ಎಂಬ ಪ್ರಶ್ನೆಯನ್ನು ಶಿಕ್ಷಕರೂ ಪೋಷಕರೂ ವಿಚಾರಿಸಲೇಬೇಕಾಗಿದೆ.

ಬಿಡುವು ಬೇಡವೆನ್ನುವವರ ಪಕ್ಷ ದುರ್ಬಲವಾದುದಲ್ಲ. ಹಾನಗಲ್ಲ ಶ್ರೀ ಕುಮಾರ ಮಹಾಸ್ವಾಮಿಗಳವರ ಕೃಪಾಶ್ರಯದಲ್ಲಿ ಬೆಳೆದ ಗಾನಯೋಗಿ ಪಂಚಾಕ್ಷರ ಗವಾಯಿಗಳವರು ಅಂಧತ್ವವನ್ನು ಮೆಟ್ಟಿ ನಿಂತು ಕರ್ನಾಟಕ, ಹಿಂದೂಸ್ತಾನಿ ಎರಡೂ ಪದ್ಧತಿಗಳನ್ನು ಕರಗತ ಮಾಡಿಕೊಂಡರು. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅವರ ಕಾರ್ಯವನ್ನು ಮುಂದುವರಿಸಿದ ಪಂಡಿತ ಪುಟ್ಟರಾಜ ಗವಾಯಿಗಳವರು 2010ರಲ್ಲಿ ಲಿಂಗೈಕ್ಯರಾಗುವವರೆಗೂ ನಾದಸೇವೆಯನ್ನೇ ಶಿವಪೂಜೆಯೆಂದು ನಡೆಸಿದರು. ಇಂತಹ ಸಾಧಕರ ಬಾಳನ್ನು ಕಂಡ ನಾಡಿನಲ್ಲಿ ಬಿಡುವಿನ ಮಾತೆತ್ತುವುದೇ ಅಪಚಾರವೆಂದು ಕೆಲವರಿಗೆ ತೋರಬಹುದು. ಹಿಂದೂಸ್ತಾನಿ ಗಾಯಕವಾದಕರಲ್ಲಿ ನಾಲ್ವತ್ತು ದಿನಗಳ ಕಠಿಣ ಸಾಧನೆಯಾದ ‘ಚಿಲ್ಲಾ’ ಎಂಬ ವ್ರತವೂ ಉಂಟು. ಆದರೆ ನಾಲ್ವತ್ತನೆಯ ದಿನಕ್ಕೆ ಚಿಲ್ಲಾ ಮುಗಿಯುತ್ತದೆಂಬುದನ್ನೂ, ಅದು ಪಕ್ವರಾದ ಸಾಧಕರಿಗೆ ಹೇಳಿದ್ದೇ ಹೊರತು ಹನ್ನೆರಡು ವಯಸ್ಸಿನ ಬಾಲಕನಿಗಲ್ಲವೆಂಬುದನ್ನೂ ಮರೆಯಲಾಗದು. ಮಹನೀಯರ ನಿಷ್ಠೆ ಅನುಕರಣೀಯ; ಅವರ ಗಂಟೆಗಳ ಲೆಕ್ಕವನ್ನು ಎಳೆಯ ಬೆರಳುಗಳ ಮೇಲೆ ಹೇರುವುದು ಅನುಕರಣವಲ್ಲ.

ನಮ್ಮ ಪ್ರಾಚೀನ ವಿದ್ಯಾಪದ್ಧತಿಯಲ್ಲಿ ಬಿಡುವಿಗೆ ‘ಅನಧ್ಯಾಯ’ವೆಂಬ ಹೆಸರಿತ್ತು. ಪಾಡ್ಯ, ಅಷ್ಟಮಿ, ಅಮಾವಾಸ್ಯೆ, ಹುಣ್ಣಿಮೆಗಳಲ್ಲಿ ಪಾಠಶಾಲೆಗಳಲ್ಲಿ ಪಾಠ ನಡೆಯುತ್ತಿರಲಿಲ್ಲ. ವಾಲ್ಮೀಕಿಯ ಸುಂದರಕಾಂಡದಲ್ಲಿ ಹನುಮಂತನು ಕೃಶಳಾದ ಸೀತೆಯನ್ನು ಪಾಡ್ಯದಂದೂ ಓದುವವನ ವಿದ್ಯೆಗೆ ಹೋಲಿಸಿರುವುದು ಪಂಡಿತರಲ್ಲಿ ಪ್ರಸಿದ್ಧವಾಗಿದೆ. ವಾರ ತಿಥಿಗಳ ಶುಭಾಶುಭವನ್ನು ಶರಣರು ಒಪ್ಪಲಿಲ್ಲವಲ್ಲ ಎಂದು ಇಲ್ಲಿ ಯಾರಾದರೂ ಕೇಳಿದರೆ ಆ ಪ್ರಶ್ನೆ ಸಾಧುವಾದುದೇ. ತಿಥಿಯ ಭಯದಿಂದ ಪುಸ್ತಕ ಮುಚ್ಚಬೇಕಾಗಿಲ್ಲ. ತಿಥಿಯನ್ನು ಬಿಟ್ಟರೂ ಅದರೊಳಗಿನ ತಿರುಳು ಉಳಿಯುತ್ತದೆ. ಸೋಮವಾರ ಎತ್ತಿನ ಹೆಗಲಿಗೆ ನೊಗವಿಡಬಾರದೆಂಬ ನಿಯಮವನ್ನು ನಮ್ಮ ಸೀಮೆಯ ಒಕ್ಕಲಿಗರು ಇಂದಿಗೂ ಅನೇಕ ಗ್ರಾಮಗಳಲ್ಲಿ ಪಾಲಿಸುತ್ತಾರೆ. ಕಾಯಕದ ಮಹಿಮೆಯನ್ನು ಬಲ್ಲ ಜನರೇ ಇದನ್ನು ನಡೆಸಿಕೊಂಡು ಬಂದವರು. ಬಸವಣ್ಣನೆಂದು ಪೂಜಿಸುವ ಎತ್ತಿಗೆ ದೊರೆಯುವ ದಯೆ ವಿದ್ಯಾರ್ಥಿಯ ಕೈಗೆ ದೊರೆಯಬಾರದೇ?

ದೇಹಧರ್ಮವೂ ಇದನ್ನೇ ಸಾರುತ್ತದೆ. ಗಿಟಾರ್ ಕಲಿಯತೊಡಗಿದವನ ಎಡಗೈ ಬೆರಳ ತುದಿಗಳು ಉಕ್ಕಿನ ತಂತಿಯ ಒತ್ತಡದಿಂದ ಮೊದಲು ಉರಿಯುತ್ತವೆ. ಕೆಲವು ವಾರಗಳಲ್ಲಿ ಚರ್ಮ ಜಡ್ಡುಗಟ್ಟಿ ನೋವು ಅಡಗುತ್ತದೆ. ಈ ನೋವು ಕಲಿಕೆಯ ಸಹಜ ಮೆಟ್ಟಿಲು. ಆದರೆ ಮಣಿಕಟ್ಟಿನಲ್ಲಿ, ಮುಂಗೈಯಲ್ಲಿ ಹುಟ್ಟುವ ನೋವು, ಬೆರಳುಗಳು ಜೋಮು ಹಿಡಿಯುವುದು ಬೇರೆಯ ಜಾತಿಯವು. ಅವು ಕಂಡಾಗ ವಾದ್ಯವನ್ನು ಕೆಳಗಿಡಬೇಕು. ಕಡಮೆಯಾಗದಿದ್ದರೆ ವೈದ್ಯರಿಗೆ ತೋರಿಸಬೇಕು. ಸ್ನಾಯುರಜ್ಜುಗಳು ದುಡಿಮೆಯ ಸವೆತವನ್ನು ತುಂಬಿಕೊಳ್ಳುವುದು ವಿಶ್ರಾಂತಿಯಲ್ಲಿಯೇ. ಅಮೆರಿಕದ ಪ್ರಖ್ಯಾತ ಪಿಯಾನೋ ವಾದಕ ಲಿಯಾನ್ ಫ್ಲೈಷರ್ 1960ರ ದಶಕದಲ್ಲಿ ಬಲಗೈಯ ಎರಡು ಬೆರಳುಗಳ ಮೇಲಿನ ಹಿಡಿತವನ್ನೇ ಕಳೆದುಕೊಂಡು, ದಶಕಗಳ ಕಾಲ ಎಡಗೈಯಿಂದ ಮಾತ್ರ ನುಡಿಸಬೇಕಾಯಿತು. ಕೈ ದೂರು ಹೇಳತೊಡಗಿದಾಗ ಅದನ್ನು ಲೆಕ್ಕಿಸದೆ ಅಭ್ಯಾಸವನ್ನು ಇನ್ನೂ ಹೆಚ್ಚಿಸಿದ್ದು ತಪ್ಪಾಯಿತೆಂದು ಆತನೇ ಮುಂದೆ ಹೇಳಿಕೊಂಡಿದ್ದುಂಟು.

ಇನ್ನು ಬುದ್ಧಿಯ ವಿಷಯ. ಜರ್ಮನಿಯ ಹರ್ಮನ್ ಎಬಿಂಗ್‌ಹೌಸ್ ಎಂಬ ವಿದ್ವಾಂಸನು 1885ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಒಂದೇ ಸಲಕ್ಕೆ ಉರುಹೊಡೆದುದಕ್ಕಿಂತ ದಿನಗಳ ಅಂತರವಿಟ್ಟು ಆವೃತ್ತಿ ಮಾಡಿದುದು ಚೆನ್ನಾಗಿ ನೆಲೆಗೊಳ್ಳುವುದೆಂದು ತೋರಿಸಿದನು. 2002ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಬೆರಳುಗಳನ್ನು ಗೊತ್ತಾದ ಕ್ರಮದಲ್ಲಿ ಒತ್ತುವುದನ್ನು ಕಲಿತವರು ಒಂದು ರಾತ್ರಿ ನಿದ್ರಿಸಿದ ಮೇಲೆ, ನಡುವೆ ಯಾವ ಅಭ್ಯಾಸವೂ ಇಲ್ಲದೆಯೇ, ಶೇಕಡಾ 20ರಷ್ಟು ಹೆಚ್ಚು ವೇಗವಾಗಿ ಒತ್ತಬಲ್ಲವರಾದರು. 1993ರಲ್ಲಿ ಪ್ರಕಟವಾದ ಬರ್ಲಿನ್ನಿನ ಪಿಟೀಲು ವಿದ್ಯಾರ್ಥಿಗಳ ಅಧ್ಯಯನದಲ್ಲಿ ಉತ್ತಮ ಶ್ರೇಣಿಯವರ ಏಕಾಂತಾಭ್ಯಾಸ ವಾರಕ್ಕೆ ಸುಮಾರು 24 ಗಂಟೆ, ಅಂದರೆ ದಿನಕ್ಕೆ ಮೂರೂವರೆ ಗಂಟೆಯಷ್ಟೇ ಇತ್ತು. ಅವರು ಉಳಿದವರಿಗಿಂತ ಹೆಚ್ಚು ಅಭ್ಯಾಸ ಮಾಡಿದವರು. ಹಗಲುನಿದ್ರೆಯನ್ನೂ ಹೆಚ್ಚು ಮಾಡಿದವರು. ಕೈ ಸುಮ್ಮನಿದ್ದ ಹೊತ್ತಿನಲ್ಲಿಯೂ ವಿದ್ಯೆ ಬೆಳೆಯುತ್ತದೆಂಬುದು ಇದರಿಂದ ಸಿದ್ಧವಾಗುತ್ತದೆ.

ಆದರೆ ಬಿಡುವು ಬೇರೆ, ಆಲಸ್ಯ ಬೇರೆ. ಮನಸ್ಸು ಬಂದಾಗ ವಾದ್ಯವನ್ನು ಮೂಲೆಗೆ ಒರಗಿಸಿ, ವಾರಗಟ್ಟಲೆ ಮುಟ್ಟದೆ, ಪರೀಕ್ಷೆಯ ಹಿಂದಿನ ದಿನಗಳಲ್ಲಿ ರಾತ್ರಿ ಹಗಲೆನ್ನದೆ ಬಾರಿಸುವವನು ಎರಡರಿಂದಲೂ ಕೆಟ್ಟವನು. ಅಂಥವನ ಬೆರಳ ಜಡ್ಡು ಮೆತ್ತಗಾಗಿರುತ್ತದೆ, ಶ್ರುತಿಜ್ಞಾನ ಸಡಿಲವಾಗಿರುತ್ತದೆ. ಹಠಾತ್ತಾಗಿ ಬಿದ್ದ ಭಾರವನ್ನು ಕೈ ತಾಳಲಾರದು. ಆದ್ದರಿಂದ ಬಿಡುವು ಮನಬಂದಂತೆ ಇರಬಾರದು, ಅಭ್ಯಾಸದಂತೆಯೇ ನಿಯಮಬದ್ಧವಾಗಿರಬೇಕು. ಬಿಡುವಿನ ದಿನ ಕೈಗೆ ಮಾತ್ರ ಅನಧ್ಯಾಯ, ಕಿವಿಗಲ್ಲ. ಶ್ರವಣ ಮನನಗಳಿಲ್ಲದೆ ನಿದಿಧ್ಯಾಸನವಿಲ್ಲವೆಂಬುದು ಹಿರಿಯರ ಕ್ರಮ. ಮಲ್ಲಿಕಾರ್ಜುನ ಮನಸೂರ, ಬಸವರಾಜ ರಾಜಗುರು ಮೊದಲಾದವರ ಧ್ವನಿಮುದ್ರಿಕೆಗಳನ್ನು ಆ ದಿನ ಕೇಳಲಿ, ರಾಗದ ಆರೋಹಾವರೋಹವನ್ನು ಮನಸ್ಸಿನಲ್ಲಿಯೇ ಹಾಡಿಕೊಳ್ಳಲಿ, ತಂತಿಗಳನ್ನು ಒರೆಸಿಡಲಿ.

ಮಠಗಳ ಶಾಲೆಗಳಲ್ಲಿ ಈ ವಿಚಾರಕ್ಕೆ ವಿಶೇಷವಾದ ತೂಕವಿದೆ. ಉಚಿತ ಪ್ರಸಾದ ನಿಲಯದಲ್ಲಿದ್ದು ಕಲಿಯುವ ಬಡ ಬಾಲಕನು ಅನ್ನವಿಟ್ಟ ಸಂಸ್ಥೆಯ ಋಣವನ್ನು ಅತಿಯಾದ ದುಡಿಮೆಯಿಂದ ತೀರಿಸಬೇಕೆಂದು ಭಾವಿಸುತ್ತಾನೆ. ಕೈ ನೋಯುತ್ತಿದೆಯೆಂದು ಬಾಯಿಬಿಡಲು ಸಂಕೋಚಪಡುತ್ತಾನೆ. ಅವನ ಪರವಾಗಿ ಮಾತನಾಡಬೇಕಾದವರು ಶಿಕ್ಷಕರು. ಒಂದು ಗಂಟೆಯ ಅಭ್ಯಾಸದ ನಡುವೆ ಹತ್ತು ನಿಮಿಷ ಕೈಬಿಡುವು, ವಾರಕ್ಕೊಂದು ದಿನ ವಾದ್ಯಕ್ಕೆ ವಿರಾಮ, ವಾರ್ಷಿಕೋತ್ಸವ ಮುಗಿದ ಮೇಲೆ ಕೆಲವು ದಿನ ಕೇಳ್ಮೆಯ ಪಾಠ: ಇಷ್ಟನ್ನು ವೇಳಾಪಟ್ಟಿಯಲ್ಲಿ ಬರೆದಿಟ್ಟರೆ ಸಾಕು, ಯಾವ ಖರ್ಚೂ ಇಲ್ಲ. ವಾದ್ಯಗಳನ್ನು ಕೊಡಿಸಿದ ದಾನಿಗಳೂ ವಾರಕ್ಕೊಂದು ದಿನ ಸಂಗೀತದ ಕೊಠಡಿ ನಿಶ್ಶಬ್ದವಾಗಿದ್ದುದನ್ನು ಕಂಡು ತಮ್ಮ ದಾನ ವ್ಯರ್ಥವಾಯಿತೆಂದು ತಿಳಿಯಬೇಕಾಗಿಲ್ಲ. ದಾನ ಸಂದುದು ವಾದ್ಯಕ್ಕಲ್ಲ, ಅದನ್ನು ನುಡಿಸುವ ಕೈಗೆ.

ಹದಿನಾರು ಮಾತ್ರೆಗಳ ತೀನ್‌ತಾಲದಲ್ಲಿ ಒಂಬತ್ತನೆಯ ಮಾತ್ರೆಗೆ ಚಪ್ಪಾಳೆಯಿಲ್ಲ. ಕೈಯನ್ನು ಬರಿದೆ ಬೀಸುತ್ತಾರೆ. ಅದಕ್ಕೆ ‘ಖಾಲಿ’ ಎಂದು ಹೆಸರು. ಹೆಸರು ಖಾಲಿಯಾದರೂ ಅದನ್ನು ಎಣಿಕೆಯಿಂದ ಬಿಟ್ಟವನ ತಾಳ ತಪ್ಪುತ್ತದೆ. ಎಣಿಕೆಗೆ ಸೇರಿದ ಬಿಡುವು ತಾಳದ ಅಂಗ. ಎಣಿಕೆಗೆ ಸೇರದ ಬಿಡುವು ತಾಳದ ಭಂಗ. ವಿದ್ಯಾರ್ಥಿಗಳ ಅಭ್ಯಾಸಕ್ಕೂ ಇದೇ ಲೆಕ್ಕ ಸಲ್ಲುತ್ತದೆ.