ವಠಾರವಿಲ್ಲದ ಊರಿನ ವಠಾರ ಶಾಲೆ

ಐವರ್ನಾಡಿನಂಥ ಊರುಗಳಲ್ಲಿ ಲಾಕ್‌ಡೌನ್ ಮಕ್ಕಳಿಂದ ಪಾಠಕ್ಕಿಂತ ಹೆಚ್ಚಾಗಿ ಜೊತೆಯನ್ನು ಕಸಿದುಕೊಂಡಿತು ಎಂಬುದು ನನ್ನ ಅಭಿಪ್ರಾಯ. ಬಯಲುಸೀಮೆಯಲ್ಲಿ ಶಾಲೆ ಮುಚ್ಚಿದರೂ ಬೀದಿ ಇರುತ್ತದೆ. ಇಲ್ಲಿ ಮನೆಗಳು ಅಡಿಕೆ ತೋಟಗಳ ನಡುವೆ ಒಂದೊಂದಾಗಿ ಚದುರಿವೆ. ನೆರೆಮನೆಗೆ ತೋಡು ದಾಟಿ ಹೋಗಬೇಕು. ಹದಿಹರೆಯದವರಿಗೆ ಶಾಲೆ, ಬಸ್ಸು, ಭಜನಾ ಮಂದಿರದ ಅಂಗಳವೇ ಬೀದಿ. 2020ರ ಮಾರ್ಚ್ ಕೊನೆಗೆ ಇವೆಲ್ಲ ಒಟ್ಟಿಗೆ ನಿಂತವು.

ಚಂದನ ವಾಹಿನಿಯ ಸಂವೇದ ಪಾಠಗಳು ಬಂದವು, ಒಳ್ಳೆಯದೇ. ಆಗಸ್ಟಿನಲ್ಲಿ ವಿದ್ಯಾಗಮ ಶಿಕ್ಷಕರನ್ನು ಮಕ್ಕಳಿದ್ದಲ್ಲಿಗೇ ಕಳಿಸಿತು. ಆದರೆ ವಠಾರ ಶಾಲೆಗೆ ಮೊದಲು ವಠಾರ ಬೇಕು. ನಮ್ಮಲ್ಲಿ ಅದನ್ನು ಹುಡುಕಬೇಕು. ಅಕ್ಟೋಬರಿನಲ್ಲಿ ಅದೂ ಸ್ಥಗಿತಗೊಂಡಿತು.

2021ರ ಜೂನಿನಲ್ಲಿ ನಮ್ಮದೇ ಸುಳ್ಯ ತಾಲೂಕಿನ ಬಳ್ಳಕ್ಕದ ಚಿತ್ರವೊಂದು ದೇಶವೆಲ್ಲ ಸುತ್ತಿತು: ಮಳೆಯಲ್ಲಿ ರಸ್ತೆಬದಿ ಕೂತು ಆನ್‌ಲೈನ್ ಪಾಠ ಕೇಳುವ ಹುಡುಗಿ, ಕೊಡೆ ಹಿಡಿದ ತಂದೆ. ಎಲ್ಲರೂ ನೆಟ್‌ವರ್ಕ್ ಕೊರತೆಯ ಬಗ್ಗೆ ಮಾತಾಡಿದರು, ಮಾತಾಡಬೇಕಾದದ್ದೇ. ನನ್ನ ಗಮನ ಹೋದದ್ದು ಬೇರೆ ಕಡೆ. ಸಿಗ್ನಲ್ ಸಿಗುವ ಗುಡ್ಡಕ್ಕೆ, ರಸ್ತೆಯ ತಿರುವಿಗೆ ಬೇರೆ ಬೇರೆ ತರಗತಿಯ ಮಕ್ಕಳು ಬರುತ್ತಿದ್ದರು. ಒಬ್ಬರ ಡೇಟಾ ಮುಗಿದರೆ ಇನ್ನೊಬ್ಬರ ಹಾಟ್‌ಸ್ಪಾಟ್. ದೊಡ್ಡವರು ಚಿಕ್ಕವರಿಗೆ ಲೆಕ್ಕ ಹೇಳಿಕೊಟ್ಟರು. ಯಾರೂ ಯೋಜಿಸದ ವಠಾರ ಅದು.

ನಮ್ಮ ಪಾಠಯೋಜನೆಯಲ್ಲಿ ಇದಕ್ಕೆ ಕಾಲಂ ಇಲ್ಲ. ‘ಗುಂಪು ಚಟುವಟಿಕೆ’ ಇದೆ; ಹೆಚ್ಚಾಗಿ ಅದು ವೀಕ್ಷಕರು ಬಂದ ದಿನ ಬೆಂಚು ತಿರುಗಿಸುವ ಸದ್ದು. ಬೋಧನಾಭ್ಯಾಸಕ್ಕೆ ಹೋಗುವ ಪ್ರಶಿಕ್ಷಣಾರ್ಥಿಗಳು ಮೊದಲ ಕೆಲವು ದಿನ, ಯಾವ ಮಗು ಯಾರ ಜೊತೆ ಯಾವ ದಾರಿಯಲ್ಲಿ ಶಾಲೆಗೆ ಬರುತ್ತದೆಂದು ದಾಖಲಿಸಲಿ. ಗುಂಪು ಮಾಡುವಾಗ ಹಾಜರಿ ಪುಸ್ತಕದ ಬದಲು ಅದನ್ನು ನೋಡಲಿ. ಅದಕ್ಕೂ ಅಂಕ ಕೊಡಲು ಬೋಧಕರಾದ ನಾವು ಸಿದ್ಧರಿರಬೇಕು.